ಹಿಂದಕ್ಕೆ ತಿರುಗಿದ ಹಂಸಗಳೂ ನನ್ನ ಚಾನೆಲ್ಲೂ

ಚೌಡಪ್ಪ ಮಾವ ಅವತ್ತು ನಕ್ಕರೋ ಇಲ್ಲವೋ ನನಗೆ ಖಂಡಿತವಾಗಿ ಗೊತ್ತಿಲ್ಲ. ನಕ್ಕರು ಎಂದು ನಾನು ಹೇಳಿದ್ದೇನೆ. ಹೇಳಿದ್ದಕ್ಕೆ ವಿಡಿಯೋ ಸಾಕ್ಷಿಯೂ ಇತ್ತು. ಆದರೆ ಹೇಳಿದ್ದಕ್ಕೆ ಸಾಕ್ಷಿ ಇರುವುದು ಬೇರೆ, ನಡೆದದ್ದಕ್ಕೆ ಸಾಕ್ಷಿ ಇರುವುದು ಬೇರೆ ಎಂದು ಬಿ.ಎ. ಮಕ್ಕಳಿಗೆ ವರ್ಷಗಟ್ಟಲೆ ಪಾಠ ಮಾಡಿದವನು ನಾನು. ಆ ಪಾಠದಲ್ಲಿ ಮೊದಲು ಫೇಲಾದವನೂ ನಾನೇ. ಅವರು ಸೀರೆ ಮಡಿಸಿದರು ಎಂಬುದು ನಿಜವಿರಬೇಕು. ಕಿಟಕಿಯಿಂದ ಬಿಸಿಲು ಬಿದ್ದಿತ್ತು ಎಂಬುದು ಅನುಮಾನ, ಏಕೆಂದರೆ ನನ್ನ ಬಾಲ್ಯದ ನೆನಪುಗಳಲ್ಲೆಲ್ಲ ಕಿಟಕಿಯಿಂದ ಬಿಸಿಲು ಬಿದ್ದೇ ಇರುತ್ತದೆ. ಇನ್ನು, ಅದನ್ನೆಲ್ಲ ನೋಡಲು ನಾನು ಆ ಮನೆಯಲ್ಲಿದ್ದೆನೇ ಎಂಬುದು ಎಲ್ಲಕ್ಕಿಂತ ದೊಡ್ಡ ಅನುಮಾನ.

ಇದೆಲ್ಲ ಇವತ್ತು ನೆನಪಾದದ್ದು ಟವೆಲ್ಲಿನಿಂದ. ನಮ್ಮ ಹಜಾರದ ಮೂಲೆಯಲ್ಲಿ ಮೂರು ಕಾಲಿನ ಒಂದು ಸ್ಟ್ಯಾಂಡು ಇದೆ. ಅದರ ತಲೆಗೆ ಬಳೆಯಂಥ ದುಂಡು ದೀಪ, ದೀಪದ ನಡುವೆ ಫೋನು ಸಿಕ್ಕಿಸುವ ಕೊಂಡಿ. ಈಗ ಆ ಬಳೆಯ ಮೇಲೆ ನನ್ನ ಹೆಂಡತಿ ಶೋಭಾ ಒದ್ದೆ ಟವೆಲ್ ಒಣಹಾಕುತ್ತಾಳೆ. ಸ್ನಾನ ಮಾಡಿ ಬಂದು ಟವೆಲ್ ಎಳೆದುಕೊಂಡೆ. ಅದರ ಹಿಂದಿನಿಂದ ದೀಪದ ಬಳೆ ನನ್ನನ್ನೇ ನೋಡುತ್ತಿತ್ತು. "ಹೇಳಿ, ಏನು ಹೇಳಬೇಕೆಂದಿದ್ದೀರಿ?" ಎಂದು ಕೇಳುವ ಹಾಗೆ.

ನನಗೆ ಒಂದು ಕಡೆ ಕುಳಿತು ಅಭ್ಯಾಸವಿಲ್ಲ. ಕೊಳ್ಳೇಗಾಲದ ಒಂದು ಕಾಲೇಜಿನಲ್ಲಿ ಇತಿಹಾಸದ ಅತಿಥಿ ಉಪನ್ಯಾಸಕ. ಅತಿಥಿಯಾಗಿ ಹದಿನೇಳು ವರ್ಷವಾಯಿತು, ಇಷ್ಟು ದಿನ ಇದ್ದ ಅತಿಥಿಯನ್ನು ಯಾರ ಮನೆಯಲ್ಲೂ ಸಹಿಸುವುದಿಲ್ಲ. ಈ ನಡುವೆ ಜೇನು ಸಾಕಿದೆ, ಜೇನು ಹೋಯಿತು. ಅಂಚೆಯ ಮೂಲಕ ಹೋಮಿಯೋಪತಿ ಕಲಿತೆ, ರೋಗಿಗಳು ಬರಲಿಲ್ಲ. ಹಾಗಿರುವಾಗ ಒಬ್ಬ ವಿದ್ಯಾರ್ಥಿ, "ಸಾ, ನೀವು ಕ್ಲಾಸಲ್ಲಿ ಪಾಠ ಬುಟ್ಟು ಯೋಳ್ತಿರಲ್ಲ ಕತೆ, ಅವ್ನ ಒಂದ್ ಚಾನೆಲ್ ಮಾಡಿ ಆಕಿ ಸಾ, ಜನ ಮುಗಿಬೀಳ್ತರೆ," ಎಂದ. ಪಾಠ ಬಿಟ್ಟು ಎಂದದ್ದನ್ನು ನಾನು ಕೇಳಿಸಿಕೊಳ್ಳಲಿಲ್ಲ. ಮುಗಿಬೀಳುತ್ತಾರೆ ಎಂದದ್ದು ಮಾತ್ರ ಕಿವಿಗೆ ಬಿತ್ತು. ಸ್ಟ್ಯಾಂಡು ತಂದೆ.

"ಇದು ಎಷ್ಟ್ ದಿನ?" ಎಂದಳು ಶೋಭಾ. ಜೇನುಪೆಟ್ಟಿಗೆ ಬಂದ ದಿನವೂ ಹೀಗೆಯೇ ಕೇಳಿದ್ದಳು.

ಮೊದಲ ವಿಡಿಯೋ ನಮ್ಮೂರಿನ ಹಳೆಯ ಬಾವಿಗಳ ಮೇಲೆ, ಒಂಬತ್ತು ನಿಮಿಷದ್ದು. ಮೂರು ದಿನದಲ್ಲಿ ಹತ್ತೊಂಬತ್ತು ಸಲ ನೋಡಿದ್ದಾರೆ ಎಂದು ಫೋನು ಹೇಳಿತು. ಅದರಲ್ಲಿ ಏಳು ನಾನೇ. ಒಂದು ಶೋಭಾ, ಅವಳು ಒಗ್ಗರಣೆ ಹಾಕುತ್ತ ಧ್ವನಿ ಮಾತ್ರ ಕೇಳಿದ್ದು, ಅದನ್ನು ಅರ್ಧ ಎನ್ನಬೇಕು. ಉಳಿದವರು ಯಾರು? ಕೆಳಗೆ ಒಂದೇ ಒಂದು ಅಭಿಪ್ರಾಯ ಬಿದ್ದಿತ್ತು: "ಸೂಪರ್ ಸಾ." ಬರೆದವನ ಹೆಸರು ಹನೂರು ಹುಲಿ. ಒಂಬತ್ತು ನಿಮಿಷದ ವಿಡಿಯೋಗೆ ಅದು ಬಿದ್ದದ್ದು ವಿಡಿಯೋ ಹಾಕಿದ ಒಂದನೆಯ ನಿಮಿಷದಲ್ಲಿ. ಅನುಮಾನ ಅಲ್ಲಿಂದ ಶುರುವಾಯಿತು.

ಆಮೇಲೆ ವಾರಕ್ಕೆ ಹತ್ತು ಹದಿನೈದರಂತೆ ಸಬ್‌ಸ್ಕ್ರೈಬರ್‌ಗಳು ಏರತೊಡಗಿದರು. ಬೇರೆಯವರಾಗಿದ್ದರೆ ಸಂತೋಷಪಡುತ್ತಿದ್ದರು. ನಾನು ಒಂದು ಹಾಳೆಯಲ್ಲಿ ದಿನವಾರು ಬರೆದಿಟ್ಟೆ. ಹಾಗೆ ಬರೆದಾಗ ಒಂದು ವಿಚಿತ್ರ ಕಂಡಿತು: ಪ್ರತಿ ಮಂಗಳವಾರ ಒಬ್ಬನೂ ಬರುವುದಿಲ್ಲ. ಇತಿಹಾಸದ ಮೇಲೆ ಜನಕ್ಕೆ ಮಂಗಳವಾರ ಮಾತ್ರ ಯಾಕೆ ಜಿಗುಪ್ಸೆ? ಎರಡು ವಾರ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು. ಹನೂರಿನಲ್ಲಿ ಶೋಭಾಳ ತಮ್ಮ ನಾಗರಾಜ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಅವನ ಅಂಗಡಿಗೆ ಮಂಗಳವಾರ ರಜ.

ಬಸ್ಸು ಹತ್ತಿ ಹೋದೆ. ಕಾಮಗೆರೆ ದಾಟುವವರೆಗೂ, ಇದು ನನ್ನ ಅನುಮಾನದ ರೋಗ, ಹಾಗಿರಲಾರದು ಎಂದು ನನಗೆ ನಾನೇ ಹೇಳಿಕೊಂಡೆ. ಅಂಗಡಿಯೊಳಗೆ ಕಾಲಿಡುವ ಹೊತ್ತಿಗೆ ಒಬ್ಬ ಅಜ್ಜಿ ಗಾಜಿನ ಪೆಟ್ಟಿಗೆಯ ಮೇಲೆ ತನ್ನ ಫೋನು ಕುಕ್ಕಿ ಜಗಳವಾಡುತ್ತಿದ್ದಳು. ಗಡಿಯ ಕಡೆಯ ಊರಿನವಳು, ಮಾತಿನಲ್ಲಿ ಅರ್ಧ ತಮಿಳು.

"ತಂಬಿ, ನೀ ರಿಪೇರಿ ಮಾಡಿ ಕೊಟ್ಟಾಗಿಂದ ಇದ್ರಲ್ಲಿ ಒಬ್ಬ ಕನ್ನಡ್ಕದ ಆಳು ಬಂದು ಪೇಸ್ತಾನೇ ಇರ್ತಾನೆ. ಬಾವಿ ಅಂತಾನೆ, ಕಲ್ಲು ಅಂತಾನೆ. ತೆಗ್ದಾಕು ಅವ್ನ."

"ಆಯ್ತು ಪಾಟಿ, ತೆಗೀತೀನಿ," ಎಂದು ತಲೆ ಎತ್ತಿದ ನಾಗರಾಜ ನನ್ನನ್ನು ಕಂಡು ಬೆಪ್ಪಾದ. ಅಜ್ಜಿಯೂ ತಿರುಗಿ ನೋಡಿದಳು. ನನ್ನ ಕನ್ನಡಕ, ಫೋನು, ಮತ್ತೆ ನನ್ನ ಕನ್ನಡಕ.

"ಅಯ್ಯಯ್ಯೋ, ಇವನ್ದಾನೇ!" ಎಂದು ಎರಡು ಹೆಜ್ಜೆ ಹಿಂದೆ ಸರಿದಳು. ಫೋನಿನಿಂದ ನಾನೇ ಇಳಿದು ಬಂದೆ ಎಂದುಕೊಂಡಳೋ ಏನೋ.

ಅವಳು ಹೋದ ಮೇಲೆ ನಾಗರಾಜ ಒಪ್ಪಿಕೊಂಡ. ರಿಪೇರಿಗೆ ಬಂದ ಪ್ರತಿ ಫೋನನ್ನೂ ನನ್ನ ಚಾನೆಲ್ಲಿಗೆ ಸೇರಿಸಿ ಕಳುಹಿಸುತ್ತಿದ್ದನಂತೆ. ಹನೂರು ಹುಲಿಯೂ ಅವನೇ.

"ಬೀಜ ಆಕ್ದೆ ಮೊಳಕೆ ಬತ್ತದಾ ಭಾವ? ಮೊದ್ಲು ಒಂದಷ್ಟು ಜನ ಅವ್ರೆ ಅಂತ ಕಾಣ್ಬೇಕು. ಆಮೇಲೆ ನಿಜ್ವಾದೋರು ಬತ್ತರೆ."

"ಅವರಿಗೇ ಗೊತ್ತಿಲ್ಲದ ಪ್ರೇಕ್ಷಕರು ಯಾಕೋ ನನಗೆ?"

"ಗೊತ್ತಿದ್ರೆ ಬತ್ತಿದ್ರಾ? ಬಾವಿ, ವೀರಗಲ್ಲು, ಕೆರೆಕೋಡಿ... ಬೇಜಾರ್ ಮಾಡ್ಕಬ್ಯಾಡಿ ಭಾವ, ನಾನೇ ಒಂದೂ ಪೂರ್ತಿ ನೋಡಿಲ್ಲ. ಒಂದ್ ಗುಟ್ಟಿರ್ಬೇಕು, ಒಂದ್ ಮೋಸ ಇರ್ಬೇಕು. ಆಗ ನೋಡಿ."

ನನಗೆ ಅವಮಾನವಾಯಿತು. ಆದರೆ ಅವನ ಮಾತು ಹೊಸದೇನಲ್ಲ ಎಂದೂ ಅನ್ನಿಸಿತು. ಆರನೆಯ ತರಗತಿಯಲ್ಲಿದ್ದಾಗ ಅಪ್ಪನ ಜೊತೆ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿದ್ದೆ. ಬಸ್ಸಿನ ಕಿಟಕಿಯಿಂದ ಪೊದೆಯೊಳಗೆ ಹಳದಿಯಾದ ಏನೋ ಒಂದು ಅಲುಗಿದ್ದು ಕಂಡಿತು. ಒಣಗಿದ ಹುಲ್ಲೂ ಇರಬಹುದು. ಮಾರನೆಯ ದಿನ ಶಾಲೆಯಲ್ಲಿ ನಾಲ್ಕು ಜನಕ್ಕೆ ಹುಲಿ ನೋಡಿದೆ ಎಂದೆ. ಊಟದ ಹೊತ್ತಿಗೆ ಕೇಳುವವರು ಹನ್ನೊಂದಾದರು; ಹುಲಿ ರಸ್ತೆಗೆ ಬಂತು. ಸಂಜೆ ಆಟದ ಬಯಲಿನಲ್ಲಿ ಮೂವತ್ತು ಜನ ಸೇರಿದರು. ಹುಲಿಗೆ ಎರಡು ಮರಿಗಳಾದವು. ಈಗ ಕಣ್ಣು ಮುಚ್ಚಿದರೆ ಆ ಮರಿಗಳ ಮೂತಿಯೂ ನನಗೆ ಸ್ಪಷ್ಟವಾಗಿ ಕಾಣುತ್ತದೆ. ಹಳದಿ ಹುಲ್ಲು ಮಾತ್ರ ಕಷ್ಟಪಟ್ಟು ನೆನೆಸಿಕೊಂಡರೆ ಬರುತ್ತದೆ.

ಹೀಗಾಗಿ ಗುಟ್ಟೂ ಮೋಸವೂ ಇರುವ ಒಂದು ನೆನಪನ್ನು ಹುಡುಕಿಕೊಂಡು ಮನೆಗೆ ಬಂದೆ. ಹುಡುಕುವ ಕಷ್ಟವಿರಲಿಲ್ಲ, ಅದು ಪಕ್ಕದ ಮನೆಯಲ್ಲೇ ಇತ್ತು.

ನಮ್ಮದು ನೇಕಾರರ ಬೀದಿಯ ಕೊನೆಯ ಮನೆ. ನಾವು ನೇಯುವವರಲ್ಲ, ಅಪ್ಪ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಆದರೆ ಆ ಬೀದಿಯಲ್ಲಿ ಹುಟ್ಟಿದವನ ಕಿವಿಗೆ ಮಗ್ಗದ ಸದ್ದು ಗಡಿಯಾರದ ಸದ್ದಿನಂತೆ, ನಿಂತಾಗಲೇ ಕೇಳಿಸುವುದು. ಗೋಡೆಯಾಚೆ ಚೌಡಪ್ಪ ಮಾವನವರ ಮನೆ. ನಮಗೆ ನೆಂಟರಲ್ಲ, ಬೀದಿಯ ಸಲುಗೆಗೆ ಮಾವ. ಅವರು ಕಾಲು ಇಳಿಬಿಟ್ಟು ಕೂರುವ ಮಗ್ಗದ ಗುಣಿ ಬೇಸಿಗೆಯಲ್ಲೂ ತಣ್ಣಗಿರುತ್ತಿತ್ತು. ಅವರು ಊಟಕ್ಕೆ ಎದ್ದರೆ ಬೆಕ್ಕು ಇಳಿದು ಮಲಗುತ್ತಿತ್ತು. ಅವರ ಹೆಂಡತಿ ಬೆರಳಿಗೆ ಬೂದಿ ಮುಟ್ಟಿಸಿಕೊಂಡು, ಮುಗಿದ ಹಾಸಿನ, ಅಂದರೆ ಉದ್ದನೂಲಿನ, ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಸೇರಿಸುತ್ತಿದ್ದರು. ಸಾವಿರಾರು ಎಳೆ. ಇದಕ್ಕೆ ಕೆಚ್ಚುವುದು ಎನ್ನುತ್ತಾರೆ. ಕೆಚ್ಚಿದ ಮೇಲೆ ಹಳೆಯದು ಎಲ್ಲಿ ಮುಗಿಯಿತು, ಹೊಸದು ಎಲ್ಲಿ ಶುರುವಾಯಿತು ಎಂದು ಹೊರಗಿನವರಿಗೆ ತಿಳಿಯುವುದಿಲ್ಲ. ನನ್ನ ನೆನಪಿನ ಕೆಲಸವೂ ಹೆಚ್ಚುಕಡಿಮೆ ಹೀಗೆಯೇ, ಬೂದಿ ಮಾತ್ರ ಜಾಸ್ತಿ.

ಆ ಬೀದಿಯಲ್ಲಿ ಒಂದು ಪದ್ಧತಿ ಇತ್ತು, ಈಗಲೂ ಇದೆ. ಮುಗಿದ ಸೀರೆಯನ್ನು ನೇಯ್ದವರೇ ಮಡಿಸಿ, ಮೇಲೆ ಒಂದು ಅರಿಶಿನದ ಕೊಂಬು ಇಟ್ಟು ಕೊಡುತ್ತಾರೆ. ಕೊಂಡವರು ಸೆರಗಿನ ತುದಿಯನ್ನು ಕಣ್ಣಿಗೊತ್ತಿಕೊಂಡು ಹೊರಡುತ್ತಾರೆ. ಅಲ್ಲೇ ಬಿಚ್ಚಿ ನೋಡುವುದಿಲ್ಲ. ಬಿಚ್ಚಿದರೆ ನಿನ್ನನ್ನು ನಂಬಲಿಲ್ಲ ಎಂದಂತೆ.

ನನ್ನ ನೆನಪು ಹೀಗಿತ್ತು. ನನಗೆ ಒಂಬತ್ತೋ ಹತ್ತೋ ವರ್ಷ. ಯಳಂದೂರಿನ ಒಂದು ಮನೆಯ ಮದುವೆಗೆ ಚೌಡಪ್ಪ ಮಾವ ಸೀರೆ ನೇಯುತ್ತಿದ್ದರು. ಅಂಚಿನಲ್ಲಿ ಹಂಸಗಳ ಸಾಲು. ಹಂಸ ಮೂಡಿಸುವ ತೂತಿನ ರಟ್ಟುಗಳನ್ನು ಸರದಂತೆ ಪೋಣಿಸಿ ಮಗ್ಗದ ಮೇಲೆ ತೂಗುಹಾಕಿರುತ್ತಾರೆ. ಆ ಸರ ಕಿತ್ತುಹೋಗಿ, ಮತ್ತೆ ಕಟ್ಟುವಾಗ ಹಿಂದುಮುಂದಾಯಿತು. ಆಗ ಹಂಸಗಳು ಹಿಂದಕ್ಕೆ ತಿರುಗುತ್ತವೆ. ನೇಯ್ದ ಬಟ್ಟೆ ದಿಂಡಿಗೆ ಸುತ್ತಿಕೊಳ್ಳುತ್ತ ಹೋಗುವುದರಿಂದ ಕಣ್ಣಿಗೆ ಬೀಳುವುದು ಒಂದು ಗೇಣು ಮಾತ್ರ. ತಪ್ಪು ತಿಳಿಯುವಷ್ಟರಲ್ಲಿ ಒಂದಷ್ಟು ಹಂಸಗಳು ಬಂದ ದಾರಿಗೆ ಮುಖ ಮಾಡಿದ್ದವು. ಚೌಡಪ್ಪ ಮಾವ ಸೀರೆ ಮುಗಿಸಿ, ತಪ್ಪು ಒಳಗೆ ಹೋಗುವಂತೆ ಮಡಿಸಿ, ಅರಿಶಿನದ ಕೊಂಬಿಟ್ಟು ಕೊಟ್ಟುಬಿಟ್ಟರು. ಅವರು ಬಿಚ್ಚಲಿಲ್ಲ, ಇವರು ಹೇಳಲಿಲ್ಲ.

ಇದನ್ನು ಸ್ಟ್ಯಾಂಡಿನ ಮುಂದೆ ಕೂತು ಹನ್ನೊಂದು ಸಲ ಹೇಳಿದೆ. ಒಂದು ಸಲ ಕೆಮ್ಮು, ಒಂದು ಸಲ ಕುಕ್ಕರಿನ ಸೀಟಿ, ಒಂದು ಸಲ ಅಮ್ಮ ಒಳಗಿನಿಂದ "ಯಾರ್ ಜೊತೆ ಮಾತಾಡ್ತಿದ್ದೀಯೋ?" ಎಂದದ್ದು. ಹೇಳುತ್ತ ಹೇಳುತ್ತ ಕತೆ ಮಡಿಕೆ ಕೂತಿತು. ಚೌಡಪ್ಪ ಮಾವ ಮಡಿಸುವಾಗ ಮೆಲ್ಲಗೆ ನಕ್ಕದ್ದು ಏಳನೆಯ ಸಲ ಹೇಳುವಾಗ ಬಂತು. ಅದಕ್ಕೆ ಮುಂಚೆ ಆ ನಗು ಎಲ್ಲಿತ್ತು ಎಂದು ನಾನು ಆಗ ಕೇಳಿಕೊಳ್ಳಲಿಲ್ಲ. ಬಂದದ್ದು ಚೆನ್ನಾಗಿತ್ತು, ಇಟ್ಟುಕೊಂಡೆ. ಕೊನೆಗೆ, ನೋಡದೆ ಕೊಳ್ಳುವ ಪದ್ಧತಿಯೇ ಇಂಥದ್ದಕ್ಕೆ ಅನುಕೂಲ ಎಂದು ವಿದ್ವಾಂಸನಂತೆ ಷರಾ ಬರೆದೆ. ಹೆಸರು ಹೇಳಲಿಲ್ಲ. "ನಮ್ಮ ಪಕ್ಕದ ಮನೆಯವರು" ಎಂದೆ. ನನ್ನ ಪಕ್ಕದ ಮನೆ ಯಾವುದು ಎಂದು ಕೊಳ್ಳೇಗಾಲದಲ್ಲಿ ಯಾರಿಗೆ ತಿಳಿಯುತ್ತದೆ ಎಂದುಕೊಂಡೆ! ಒಂದೇ ಪಕ್ಕಕ್ಕೆ ಮನೆ ಇರುವ, ಬೀದಿಯ ಕೊನೆಯ ಮನೆಯವನು ನಾನು.

ನಾಗರಾಜ ಅದಕ್ಕೆ ಮುಖಚಿತ್ರ ಮಾಡಿದ. ಕೆಂಪು ಬಾಣದ ಗುರುತು, ಯಾವುದೋ ಸೀರೆ, ಮೇಲೆ ದಪ್ಪಕ್ಷರದಲ್ಲಿ: ರೇಷ್ಮೆ ಸೀರೆಯ ಮಡಿಕೆಯೊಳಗಿನ ಮೋಸ! ಕೊನೆಯ ಆ ಆಶ್ಚರ್ಯದ ಗುರುತನ್ನು ತೆಗೆ ಎಂದೆ. ಮೋಸ ಎಂಬ ಮಾತನ್ನು ತೆಗೆ ಎನ್ನಲಿಲ್ಲ. ಇದು ಮಾತ್ರ ನನಗೆ ಚೆನ್ನಾಗಿ ನೆನಪಿದೆ.

ವಿಡಿಯೋ ಓಡಿತು. ನಾಗರಾಜನ ರಿಪೇರಿ ಫೋನುಗಳನ್ನೆಲ್ಲ ಕಳೆದರೂ ಓಡಿತು. ಮಂಗಳವಾರವೂ ಓಡಿತು. ಮುಖಕ್ಕೆ ಸೋಪು ಹಚ್ಚಿಕೊಂಡು, ಕ್ಷೌರ ಮುಗಿಯುವುದರೊಳಗೆ ಐದು ಸಲ ಫೋನು ನೋಡುತ್ತಿದ್ದೆ. ಕಾಲೇಜಿನ ಕಾರಿಡಾರಿನಲ್ಲಿ ಗೊತ್ತಿಲ್ಲದ ಹುಡುಗಿಯರು, "ಸಾ, ಸೀರೆ ವಿಡಿಯೋ ನೋಡ್ದೆ," ಎಂದರು. ಸಂಖ್ಯೆಯನ್ನು ನಂಬದೆ ಬೇರೆ ಬೇರೆ ಫೋನುಗಳಲ್ಲಿ ತೆರೆದು ನೋಡಿದೆ. ಎಲ್ಲದರಲ್ಲೂ ಅಷ್ಟೇ ಇತ್ತು. ಇಷ್ಟು ಜನ ಯಾಕೆ ನೋಡುತ್ತಿದ್ದಾರೆ ಎಂಬ ಅನುಮಾನ ಆಗಲೂ ಬಂತು. ಅವರನ್ನೆಲ್ಲ ಅನುಮಾನಿಸಿದವನು ನನ್ನೊಬ್ಬನನ್ನು ಬಿಟ್ಟಿದ್ದೆ.

ಹತ್ತನೆಯ ದಿನವೋ ಹನ್ನೆರಡನೆಯ ದಿನವೋ, ಪಕ್ಕದ ಮನೆಯ ಮಗ್ಗ ನಿಂತಿರುವುದು ಕೇಳಿಸಿತು.

ಅಮ್ಮ ಹೇಳಿದಳು. ಧನಗೆರೆಯ ಮಹದೇವಸ್ವಾಮಿ ಎಂಬ ರೈತರು ಮಗಳ ಮದುವೆಗೆ ಚೌಡಪ್ಪ ಮಾವನಿಗೆ ಸೀರೆ ಹೇಳಿದ್ದರು. ಅರ್ಧ ಮಗ್ಗದ ಮೇಲಿತ್ತು. ಅವರು ಬಂದು, ಫೋನು ಹಿಡಿದುಕೊಂಡೇ ಹಜಾರದಲ್ಲಿ ನಿಂತು, "ಮುಗುದ್‌ ಮೇಲೆ ಬಿಸ್ಲಲ್ಲಿ ಪೂರ್ತಿ ಬಿಚ್ಚಿ ತೋರ್ಸಿ ಸಾ. ನೋಡೇ ತಕತೀವಿ," ಎಂದರಂತೆ. ಚೌಡಪ್ಪ ಮಾವ ಮಗ್ಗದ ಮೇಲೆ ಒಂದು ಹಳೆಯ ಪಂಚೆ ಹೊದಿಸಿದರಂತೆ. ಆಮೇಲೆ ಗುಣಿಗೆ ಇಳಿಯಲಿಲ್ಲ. ಮದುವೆಗೆ ಉಳಿದಿದ್ದದ್ದು ಐದೇ ವಾರ.

ಅವರಿಗೆ ಎಂಬತ್ತರ ಹತ್ತಿರ. ಈಗ ವರ್ಷಕ್ಕೆ ನಾಲ್ಕೋ ಐದೋ ಸೀರೆ, ಅದೂ ಹೆಸರು ಕೇಳಿಕೊಂಡು ಬಂದವರಿಗೆ. ಆ ಹೆಸರಿಗೇ ನಾನು ಕೆಂಪು ಬಾಣ ಹಾಕಿದ್ದೆ.

ಹೋದೆ. ಹಜಾರದಲ್ಲಿ ಕೈ ಮಡಿಲಲ್ಲಿಟ್ಟು ಕೂತಿದ್ದರು.

"ಬಾಪ್ಪ. ಕೂತ್ಕೊ," ಎಂದರು. ಬಯ್ಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು. "ಫೋನಲ್ಲಿ ನನ್ ವಿಚಾರ ಯೋಳಿದ್ದೀಯಂತೆ."

"ಹೆಸರು ಹೇಳಿಲ್ಲ ಮಾವ."

"ಎಸ್ರ್ ಯೋಳ್ಬೇಕಿತ್ತು. ಎಸ್ರ್ ಯೋಳಿದ್ರೆ ಬೀದಿಯವ್ರೆಲ್ಲ ಬಚಾವಾಗೋರು. ಈಗ ಅವ್ರ್‌ನೂ ಬಿಚ್ಚಿ ತೋರ್ಸಿ ಅಂತಾವ್ರಂತೆ." ಆಮೇಲೆ ಕೇಳಿದರು: "ನಾನ್ ಮುಚ್ಚಿಟ್ಟು ಕೊಟ್ಟದ್ನ ನೀನ್ ಕಣ್ಣಾರೆ ಕಂಡ್ಯಾ?"

"ಕಂಡ ನೆನಪು," ಎಂದೆ.

"ನೆನಪು," ಎಂದರು. "ನೀನು ಓದ್ದವ್ನು ಕಣಪ್ಪ. ಗೋಡೆ ಆಚೆ ಇದ್ದೆ. ಒಂದ್ ಮಾತು ಕೇಳ್ಬೋದಿತ್ತು."

ಅಷ್ಟೇ. ಹೊದಿಸಿದ ಪಂಚೆಯ ಕೆಳಗಿನಿಂದ ಅರ್ಧ ನೇಯ್ದ ಅಂಚು ಒಂದು ಬೆರಳಿನಷ್ಟು ಕಾಣುತ್ತಿತ್ತು. ಕಾಫಿ ಬಂತು, ಕುಡಿದೆ, ಎದ್ದು ಬಂದೆ.

ಮನೆಗೆ ಬಂದು ಅಮ್ಮನನ್ನು ವಿಚಾರಣೆಗೆ ಕೂರಿಸಿದೆ. ಸೊಪ್ಪು ಬಿಡಿಸುತ್ತಿದ್ದಳು.

"ಯಳಂದೂರಿನವರ ಸೀರೆಯ ವಿಷಯ ಜ್ಞಾಪಕ ಇದೆಯಾ?"

"ಇಲ್ದೆ? ಬಳೇಮಂಟಪದ ಹಿಂದ್ಲು ಬೀದಿ ರತ್ನಮ್ಮನ ಮದ್ವೆ ಸೀರೆ."

"ಆಗ ನಾನು ಅಲ್ಲೇ ಇದ್ದೆನಲ್ಲ, ಮಾವ ಮಡಿಸುವಾಗ?"

"ನೀನೆಲ್ಲಿದ್ದೆ? ಮರದಿಂದ ಬಿದ್ದು ಕಾಲ್ ಮುರ್ಕಂಡು ಕಾಮಗೆರೆ ಆಸ್ಪತ್ರೇಲಿ ಮಲ್ಗಿದ್ದೆ. ನಾನೇ ನಿಂಗೆ ಬಂದು ಯೋಳುದ್ದು, ಇಂಗಿಂಗೆ ಅಂಸ ತಿರಿಕಬುಟ್ವಂತೆ ಅಂತ. ನೀನು ನಕ್ಕೆ."

ನಕ್ಕವನು ನಾನಂತೆ! ಆದರೆ ಅಮ್ಮನನ್ನೂ ನಂಬುವಂತಿಲ್ಲ. ನಾನು ಮರದಿಂದ ಬಿದ್ದದ್ದು ಏಳನೆಯ ತರಗತಿಯಲ್ಲಿ ಎಂದು ನನ್ನ ಎಣಿಕೆ. ಅವಳ ಪ್ರಕಾರ ನಾಲ್ಕರಲ್ಲಿ. ಆಸ್ಪತ್ರೆಯ ಚೀಟಿಯನ್ನು ಜೋಪಾನವಾಗಿ ಇಟ್ಟಿದ್ದೇನೆ ಎಂದು ಟ್ರಂಕನ್ನೆಲ್ಲ ಹುಡುಕಿದಳು. ಸಿಕ್ಕಿದ್ದು ಅಪ್ಪನ ಹಳೆಯ ಎಕ್ಸ್‌ರೇ. ಆ ಪ್ರಶ್ನೆ ಇವತ್ತಿಗೂ ಅಲ್ಲೇ ನಿಂತಿದೆ.

ಉಳಿದ ಸಾಕ್ಷಿ ಒಂದೇ, ಸೀರೆ. ನಾಗರಾಜನಿಗೆ ಫೋನು ಮಾಡಿ, ವಿಡಿಯೋ ತೆಗೆದುಬಿಡಲೇ ಎಂದು ಕೇಳಿದೆ.

"ಉಚ್ಚಾ ಭಾವ ನಿಮ್ಗೆ? ಈಗ್ಲೇ ಏರ್ತಾ ಅದೆ. ಇನ್ನೊಂದ್ ವಾರ ತಡ್ಕಳಿ."

ತಡೆದುಕೊಂಡೆ ಎಂದು ಹೇಳಲು ನಾಚಿಕೆಯಾಗುತ್ತದೆ. ಒಂದು ವಾರವಲ್ಲ, ಮೂರು ದಿನ. ಸತ್ಯ ತಿಳಿಯದೆ ಅಳಿಸುವುದೂ ತಪ್ಪಲ್ಲವೇ ಎಂದು ವಾದ ಹೂಡಿದೆ. ಮೂರು ದಿನವೂ ಪಕ್ಕದ ಮನೆಯಿಂದ ಸದ್ದಿಲ್ಲ. ನಾಲ್ಕನೆಯ ದಿನ ಯಳಂದೂರಿನ ಬಸ್ಸು ಹತ್ತಿದೆ.

ರತ್ನಮ್ಮನವರ ಮನೆ ಸಿಕ್ಕುವುದು ಕಷ್ಟವಾಗಲಿಲ್ಲ. ಐವತ್ತೇಳೋ ಐವತ್ತೆಂಟೋ ಇರಬೇಕು, ಗಟ್ಟಿ ದನಿ. ಯಾರು, ಯಾಕೆ ಎಂದು ಹೇಳಿಕೊಂಡೆ.

"ಓ, ಆ ವಿಡಿಯೋ ಮೇಷ್ಟ್ರು ನೀವೇನಾ?" ಎಂದು ಮೇಲಿಂದ ಕೆಳಗೆ ನೋಡಿದರು. "ನಮ್ ತಂಗಿ ಮಗಳು ತೋರ್ಸುದ್ಲು. ಯಾರ್ದೋ ಮೋಸ್ವೋದ ಮನೆ ಕತೆ ಅಂತ ಅಯ್ಯೋ ಪಾಪ ಅಂದೆ. ನನ್ ಸೀರೆ ಅಂತ ಗೊತ್ತೇ ಆಗ್ನಿಲ್ಲ ಕಣ್ರಿ!"

"ನಿಮಗೆ ಮೋಸವಾಗಲಿಲ್ಲವೇ?"

"ಬನ್ನಿ ಒಳಕ್ಕೆ."

ಟ್ರಂಕಿನಿಂದ ಬಿಳಿ ಬಟ್ಟೆಯ ಗಂಟು ತೆಗೆದು ಚಾಪೆಯ ಮೇಲೆ ಬಿಚ್ಚಿದರು. ಗಿಣಿಹಸಿರು ಒಡಲು, ಕೆಂಪಂಚು. ಹಂಸಗಳು ಸಾಲಾಗಿ ಸೆರಗಿನತ್ತ ಹೊರಟಿದ್ದವು. ನಡುವೆ ಒಂದು ಕಡೆ ಇಪ್ಪತ್ತೊಂದು ಹಂಸಗಳು ಹಿಂದಕ್ಕೆ ತಿರುಗಿದ್ದವು. ಎಣಿಸಿದೆ. ನನ್ನ ಕತೆಯಲ್ಲಿ ಇಷ್ಟು ನಿಜ ಇತ್ತಲ್ಲ ಎಂದು ಒಂದು ಗಳಿಗೆ, ಹೇಳಬಾರದು, ಸಂತೋಷವೇ ಆಯಿತು.

"ಇಲ್ನೋಡಿ," ಎಂದು ರತ್ನಮ್ಮ ಅಂಚಿನ ಹೊರತುದಿಯನ್ನು ಬೆರಳಿಂದ ಎತ್ತಿದರು. ತಪ್ಪು ಶುರುವಾಗುವ ಕಡೆ ಒಂದು, ಮುಗಿಯುವ ಕಡೆ ಒಂದು, ಬಿಳಿ ದಾರದ ಪುಟ್ಟ ಕುಚ್ಚು. ಸೀರೆ ಮಡಿಸಿದರೂ ಅವೆರಡು ಹೊರಗೇ ಇಣುಕುತ್ತವೆ.

"ಇದು ಅವ್ರು ಕಟ್ಟಿದ್ದು. ಬಿಚ್ದೇ ತಕ್ಕೊಂಡೋಗೋರ್ಗೆ ಗೊತ್ತಾಗ್ಲಿ ಅಂತ ಕಟ್ತಾರಲ್ಲ, ಅದು. ನಮ್ಮಪ್ಪ ಸೀರೆ ಕೈಗ್ ತಕತಿದ್ದಂಗೇ ನೋಡುದ್ರಂತೆ. ಬೇರೆ ನೇಯ್ಕೊಡ್ತೀನಿ, ಇದ್ನ ಬುಡಿ ಅಂದ್ರಂತೆ ಚೌಡಪ್ಪನವ್ರು. ಮದ್ವೆ ನಾಕ್ ದಿನ ಅದೆ, ಎಲ್ ಬುಡಾದು? ತಂದ್ರು. ನಾನೂ ನೋಡಿ ಇರ್ಲಿ ಬುಡಿ ಅಂದೆ. ಅತ್ತೆ ಮನೆಗೆ ಓಗೋ ಸೀರೇಲಿ ಒಂದಷ್ಟಾದ್ರೂ ತವ್ರು ಕಡೀಕ್ ನೋಡ್ಲಿ ಅಂತ."

ಈ ಕೊನೆಯ ಮಾತು ಆಗ ಆಡಿದ್ದೋ, ಮದುವೆಯಾಗಿ ಇಪ್ಪತ್ತು ವರ್ಷದ ಮೇಲೆ ಹುಟ್ಟಿದ್ದೋ ನನಗೆ ಅನುಮಾನ. ಆ ಕುಚ್ಚುಗಳ ಮೇಲೂ ಅನುಮಾನಪಟ್ಟೆ. ಆಮೇಲೆ ಯಾರಾದರೂ ಕಟ್ಟಿರಬಹುದಲ್ಲ? ಕನ್ನಡಕ ತೆಗೆದು ಮೂಗಿನ ಹತ್ತಿರ ಹಿಡಿದು ನೋಡಿದೆ. ಗಂಟು ಅಕ್ಕಿಕಾಳಿನ ಅರ್ಧದಷ್ಟು, ಚಪ್ಪಟೆ, ಎಳೆದರೆ ಬಿಗಿಯಾಗುವಂಥದ್ದು. ಅಂಥ ಗಂಟನ್ನು ನಮ್ಮ ಬೀದಿಯಲ್ಲಿ ಬಿಟ್ಟು ಬೇರೆಲ್ಲೂ ನಾನು ನೋಡಿಲ್ಲ. ಹೊಲಿಗೆಯವರ ಗಂಟಲ್ಲ, ಮಗ್ಗದವರ ಗಂಟು. ಬಿಚ್ಚದೆ ಕೊಳ್ಳುವುದು ಆ ಪದ್ಧತಿಯ ಅರ್ಧ. ತಪ್ಪಿದ್ದರೆ ನೇಯ್ದವನೇ ಗುರುತು ಕಟ್ಟಿ ಕೊಡುವುದು ಇನ್ನರ್ಧ. ನಲವತ್ತಾರು ವರ್ಷ ಗೋಡೆ ಆಚೆ ಬದುಕಿದವನಿಗೆ ಅರ್ಧ ಮಾತ್ರ ಗೊತ್ತಿತ್ತು, ಆ ಅರ್ಧದ ಮೇಲೆ ನಾನು ಷರಾ ಬರೆದಿದ್ದೆ.

ರತ್ನಮ್ಮನವರನ್ನು, ಸೀರೆಯನ್ನು, ಕುಚ್ಚುಗಳನ್ನು ಅಲ್ಲೇ ಫೋನಿನಲ್ಲಿ ಹಿಡಿದೆ. ಒಂದೇ ಸಲ, ಮತ್ತೆ ಹೇಳಿಸಲಿಲ್ಲ. ವಾಪಸ್ಸು ಬರುವಾಗ ಮಾಂಬಳ್ಳಿಯ ಹತ್ತಿರ ಬಸ್ಸಿನಲ್ಲೇ ಹಳೆಯ ವಿಡಿಯೋ ಅಳಿಸಿದೆ. ಖಚಿತವೇ ಎಂದು ಫೋನು ಕೇಳಿತು. ನನ್ನನ್ನು ಆ ಪ್ರಶ್ನೆ ಕೇಳಬಾರದು. ಆದರೂ ಹೌದು ಎಂದು ಒತ್ತಿದೆ.

ಹೊಸ ವಿಡಿಯೋಗೆ 'ನಾನು ತಪ್ಪು ಹೇಳಿದೆ' ಎಂದೇ ಹೆಸರಿಟ್ಟೆ. ನಾಲ್ಕು ನಿಮಿಷ. ನಾಗರಾಜ ಹಣೆ ಚಚ್ಚಿಕೊಂಡ. "ತಪ್ಪಾಯ್ತು ಅನ್ನೋದ್ನ ಯಾರ್ ನೋಡಾರು ಭಾವ?" ಅವನು ಹೇಳಿದ್ದೇ ಆಯಿತು. ಎರಡು ದಿನಕ್ಕೆ ನಲವತ್ತು ಚಿಲ್ಲರೆ. ಅದರಲ್ಲಿ ರಿಪೇರಿಗೆ ಬಂದ ಫೋನುಗಳೆಷ್ಟೋ. ಈ ನಡುವೆ ನನ್ನ ಹಳೆಯ ವಿಡಿಯೋವನ್ನು ಮೊದಲೇ ಇಳಿಸಿಕೊಂಡಿದ್ದ ಯಾರೋ ಒಬ್ಬ ಅದನ್ನು ತನ್ನದೆಂದು ಹಾಕಿ ಓಡಿಸುತ್ತಿದ್ದ. ಅಲ್ಲಿ ಚೌಡಪ್ಪ ಮಾವ ಇನ್ನೂ ಮೆಲ್ಲಗೆ ನಗುತ್ತಲೇ ಇದ್ದರು.

ಪಕ್ಕದ ಮನೆಗೆ ಹೋಗಿ, ಅಳಿಸಿದೆ ಮಾವ ಎಂದೆ.

"ಅಳುಸುದ್ರೆ ಕಂಡೋರ ಕಣ್ಣಿಂದ ಓಯ್ತದಾ?" ಎಂದರು. "ಕುಚ್ಚು ಇನ್ನೂ ಅದಾ?"

"ಇದೆ. ಎರಡೂ."

"ಉಂ," ಎಂದರು. ಹೊದಿಸಿದ ಪಂಚೆ ಹಾಗೇ ಇತ್ತು.

"ಕುಚ್ಚು ಕಟ್ಟಿದ್ದೆ ಅಂತ ಅವತ್ತೇ ನನಗೆ ಹೇಳಬಹುದಿತ್ತಲ್ಲ ಮಾವ?"

"ಕಟ್ಟಿದ್ದೀನಿ, ಕಟ್ಟಿದ್ದೀನಿ ಅಂತ ನಾನೇ ಸಾರ್ಕಂಡು ಓಗ್ಲಾ? ಅದ್ಕೇನಾ ಕಟ್ಟೋದು?"

ಸಾವಿರಾರು ಜನರನ್ನು ಕೂಡಿಸುವುದು ಹೇಗೆಂದು ಮೂರು ತಿಂಗಳು ತಲೆ ಕೆಡಿಸಿಕೊಂಡಿದ್ದೆ. ಈಗ ನನಗೆ ಬೇಕಾಗಿದ್ದದ್ದು ಒಂದು ಮನೆಯವರು. ಧನಗೆರೆಗೆ ಹೋದೆ. ಮಹದೇವಸ್ವಾಮಿಯವರು ಕಬ್ಬಿನ ಗದ್ದೆಯಿಂದ ಆಗಷ್ಟೇ ಬಂದು ಜಗುಲಿಯ ಮೇಲೆ ಕಾಲು ತೊಳೆದುಕೊಳ್ಳುತ್ತಿದ್ದರು. ಅವರ ಹೆಂಡತಿ, ಹೆಂಡತಿಯ ಅಣ್ಣ, ಮದುವೆಯ ಹುಡುಗಿ, ಎಲ್ಲರೂ ಇದ್ದರು. ನನ್ನ ಮುಖ ಗುರುತು ಹತ್ತಿತು. ಮಣೆ ಹಾಕಿ ಗೌರವ ಮಾಡಿದರು. ಅದು ಇನ್ನೂ ಕಷ್ಟವಾಯಿತು. ಫೋನು ಕೊಟ್ಟು ನಾಲ್ಕು ನಿಮಿಷ ನಿಂತೆ. ಅವರು ಮಧ್ಯದಲ್ಲಿ ಬೇರೆ ಕಡೆ ನೋಡಲಿಲ್ಲ, ಎದ್ದು ಹೋಗಲಿಲ್ಲ. ಮುಗಿದ ಮೇಲೆ ಮಹದೇವಸ್ವಾಮಿಯವರು ಇನ್ನೊಮ್ಮೆ ಹಾಕಿಸಿಕೊಂಡು ನೋಡಿದರು. ನನ್ನ ಚಾನೆಲ್ಲಿಗೆ ಸಿಕ್ಕ ಖಾತ್ರಿ ಪ್ರೇಕ್ಷಕರೆಂದರೆ ಇವತ್ತಿಗೂ ಅವರೇ.

"ಅಲ್ಲ ಸಾ," ಎಂದರು ಕೊನೆಗೆ. "ಅವತ್ತು ಯೋಳುದ್ದು ನೀವೇ, ಇವತ್ತು ಯೋಳೋದೂ ನೀವೇ. ಯಾವ್ದ ನಂಬಾದು?"

"ನನ್ನನ್ನು ನಂಬಬೇಡಿ," ಎಂದೆ. "ರತ್ನಮ್ಮನವರ ಮನೆ ಯಳಂದೂರಿನಲ್ಲಿ ಬಳೇಮಂಟಪದ ಹಿಂದೆ. ಹೋಗಿ ಕುಚ್ಚು ನೋಡಿ."

"ನೋಡುವ," ಎಂದರು. ನಮ್ಮ ಕಡೆ ನೋಡುವ ಎಂದರೆ ಹೌದೂ ಆಗಬಹುದು, ಹೊರಡಿ ಎಂದೂ ಆಗಬಹುದು.

ಅವರು ಯಳಂದೂರಿಗೆ ಹೋದರೋ, ಚೌಡಪ್ಪ ಮಾವನ ಹತ್ತಿರ ಬಂದು ಏನು ಮಾತಾಡಿದರೋ ಗೊತ್ತಿಲ್ಲ. ಮಾವ ಹೇಳಲಿಲ್ಲ, ಈ ಸಲ ಕೇಳಲು ನನಗೆ ಬಾಯಿ ಬರಲಿಲ್ಲ. ಎರಡು ವಾರ ಬಿಟ್ಟು ಬೆಳಿಗ್ಗೆ ಮಗ್ಗದ ಸದ್ದು ಕೇಳಿಸಿತು. ಅದು ಗೋಡೆಯಾಚೆಯದೋ, ಎದುರು ಸಾಲಿನದೋ ಎಂದು ಗೋಡೆಗೆ ಕಿವಿಯಿಟ್ಟೆ. ಶೋಭಾ ನೋಡಿ, "ಈಗ ಇದು ಎಷ್ಟ್ ದಿನ?" ಎಂದಳು. ಮದುವೆಯ ಹಿಂದಿನ ವಾರ ಧನಗೆರೆಯವರು ಬಂದು ಸೀರೆ ತೆಗೆದುಕೊಂಡು ಹೋದರಂತೆ. ಆ ಹೊತ್ತಿಗೆ ನಾನು ಕಾಲೇಜಿನಲ್ಲಿದ್ದೆ. ಚೌಡಪ್ಪ ಮಾವ ಈಗ ನನ್ನೊಡನೆ ಮಾತಾಡುತ್ತಾರೆ. ಮೊದಲಿನಂತೆಯೇ ಮಾತಾಡುತ್ತಾರೋ ಎಂದು ಅಳೆಯುವುದು ನನ್ನಿಂದಾಗಿಲ್ಲ. ನಾನು ಮತ್ತೆ ವಿಡಿಯೋ ಮಾಡಿಲ್ಲ, ಮಾಡುವುದೇ ಇಲ್ಲ ಎಂದೂ ಆಣೆ ಹಾಕಿಲ್ಲ.

ಆದರೆ ಒಂದು ಸಂಗತಿಯನ್ನು ಮಾತ್ರ ವಿಚಾರಿಸಿ ಖಚಿತ ಮಾಡಿಕೊಂಡಿದ್ದೇನೆ. ಧನಗೆರೆಯ ಹುಡುಗಿಯ ತಾಯಿಯನ್ನು ಕೊಳ್ಳೇಗಾಲದ ಸಂತೆಯಲ್ಲಿ ಒಂದು ದಿನ ಕೇಳಿದೆ. ಹುಡುಗಿಯ ಸೋದರಮಾವನನ್ನು ಬಸ್ಸಿನಲ್ಲಿ ಇನ್ನೊಂದು ದಿನ ಕೇಳಿದೆ, ತಾಯಿ ಹೇಳಿದ್ದನ್ನು ಅವರಿಗೆ ತಿಳಿಸದೆ. ಇಬ್ಬರೂ ಒಂದೇ ಮಾತು ಹೇಳಿದರು. ಅವರು ಸೀರೆಯನ್ನು ಬಿಚ್ಚಿ ನೋಡಲಿಲ್ಲ.